52.67 ಗಂಟೆ ಯಾರದ್ದು? ದಾವಣಗೆರೆಯ ಒಂದು ಶಾಲೆಯ ದಿಂಕಿನೇಶ್ ಪ್ರಕರಣ

ನಮ್ಮ ಶಾಲೆಯ ಲ್ಯಾಬ್ ಬೀರುವಿನಲ್ಲಿ ಒಂದು ಡ್ರಾಯಿಂಗ್ ಶೀಟ್ ಸುರುಳಿ ಸುತ್ತಿ ಇಟ್ಟಿದ್ದೇವೆ. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ '52.67 ಗಂಟೆ' ಅಂತ ಬರೆದಿದೆ. ಆ ಸಂಖ್ಯೆ ಮೊದಲಿಂದಲೂ ಸರಿಯಾಗಿಯೇ ಇತ್ತು. ಆದರೂ ಏಳು ತಿಂಗಳು ಆ ಚಾರ್ಟ್ ತಪ್ಪಾಗಿತ್ತು. ತಪ್ಪಲ್ಲಿ ನನ್ನ ಪಾಲೇ ಜಾಸ್ತಿ, ಹಾಗಾಗಿ ಬರೆದಿಡುವ ಕೆಲಸವೂ ನನ್ನದೇ.

ನಾನು ದಾವಣಗೆರೆಯ ಹಳೇ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದ ಮೇಲೆ ಮಕ್ಕಳನ್ನು ಹಿಡಿಯೋಕೇ ಆಗಿರಲಿಲ್ಲ. ಲ್ಯಾಂಡರ್ ಪರೀಕ್ಷೆಗೆ ಅಂತ ಇಸ್ರೋದವರು ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿ ತೋಡಿಸಿದ್ದರಲ್ಲ, ಆ ಕಡೆ ನೆಂಟರಿರುವ ಹುಡುಗರ ಜಂಭವಂತೂ ಹೇಳತೀರದು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲರೂ ಥರ್ಮಾಕೋಲ್ ವಿಕ್ರಮ್ ಮಾಡ್ತಾರೆ ಅನ್ನೋದು ಖಾತ್ರಿಯಿತ್ತು. ನಮ್ಮದು ಬೇರೆ ಇರಲಿ ಅಂತ ಒಂಬತ್ತನೇ ಕ್ಲಾಸಿನ ಆರು ಮಕ್ಕಳಿಗೆ ಒಂದು ಸಣ್ಣ ಕಲ್ಲನ್ನು ಕೊಟ್ಟೆ. ಮಂಗಳ ಮತ್ತು ಗುರುವಿನ ನಡುವೆ ಇರುವ ಕ್ಷುದ್ರಗ್ರಹ ಪಟ್ಟಿಯ, ಸೂರ್ಯನ ಕಡೆಯ ಅಂಚಿನಲ್ಲಿ ಸುತ್ತುವ ಒಂದು ಕಲ್ಲು. ನಂಬರ್ 152830, ಹೆಸರು ದಿಂಕಿನೇಶ್.

ಹೆಸರು ಕೇಳಿದ ಕೂಡಲೇ ಹಿಂದಿನ ಬೆಂಚಿನವನು "ದಿನೇಶಾನಾ ಸಾರ್?" ಅಂದ. ದಿನೇಶ ಅಂದ್ರೆ ಸೂರ್ಯ ಕಣೋ, ಇದು ಬೇರೆ ಅಂದೆ. ಆದರೂ ಆ ಕಲ್ಲಿಗೆ ನಮ್ಮ ಶಾಲೆಯಲ್ಲಿ ಇವತ್ತಿಗೂ ದಿನೇಶಣ್ಣ ಅಂತಲೇ ಹೆಸರು. ನಿಜವಾದ ಹೆಸರು ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯದು. ಅಲ್ಲಿ 1974ರಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ಲೂಸಿ ಅನ್ನೋ ಪಳೆಯುಳಿಕೆಗೆ ಆ ದೇಶದವರು ಇಟ್ಟ ಹೆಸರು ಅದು. 'ನೀನು ಅದ್ಭುತ' ಅಂತ ಅರ್ಥ. ನಾಸಾದ ಒಂದು ನೌಕೆಗೂ ಲೂಸಿ ಅಂತ ಹೆಸರು. 2021ರ ಅಕ್ಟೋಬರ್‌ನಲ್ಲಿ ಗುರುವಿನ ದಾರಿಯಲ್ಲೇ ಸುತ್ತುವ ಟ್ರೋಜನ್ ಕಲ್ಲುಗಳನ್ನು ನೋಡೋಕೆ ಹೊರಟದ್ದು. ದಾರಿಯಲ್ಲಿ ಈ ಕಲ್ಲಿನಿಂದ 64,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತೆ ಅಂತ ಲೆಕ್ಕದಲ್ಲಿ ಕಂಡಿತು. ಸ್ವಲ್ಪ ತಿರುಗಿಸಿದರೆ ಪಕ್ಕದಲ್ಲೇ ಹೋಗಬಹುದು, ಕ್ಯಾಮೆರಾವನ್ನು ಗುರಿಯ ಮೇಲೆ ಹಿಡಿದಿಡುವ ವ್ಯವಸ್ಥೆಯನ್ನೂ ಪರೀಕ್ಷೆ ಮಾಡಿದಂತಾಗುತ್ತೆ ಅಂತ 2023ರ ಜನವರಿಯಲ್ಲಿ ಇದನ್ನು ಪಟ್ಟಿಗೆ ಸೇರಿಸಿದರು. ಕಲ್ಲನ್ನು ಕಂಡುಹಿಡಿದದ್ದು 1999ರ ನವೆಂಬರ್‌ನಲ್ಲಿ. ಅಲ್ಲಿಂದ ಇಪ್ಪತ್ತಮೂರು ವರ್ಷ ಅದು ಬರೀ '1999 ವಿಡಿ57' ಆಗಿತ್ತು, ಹೆಸರೂ ಇರಲಿಲ್ಲ.

ಮೊದಲ ಮಾದರಿ: ಆಲೂಗಡ್ಡೆ

ಭೂಮಿಯಿಂದ ನೋಡಿದರೆ, ಎಷ್ಟು ದೊಡ್ಡ ದೂರದರ್ಶಕವಾದರೂ, ದಿಂಕಿನೇಶ್ ಒಂದು ಚುಕ್ಕಿ. ಚುಕ್ಕಿಯಿಂದ ಸಿಗೋದು ಬೆಳಕಿನ ಏರಿಳಿತ ಮಾತ್ರ. ಈಗ ಸ್ವಲ್ಪ ಜಾಸ್ತಿ, ಆಮೇಲೆ ಸ್ವಲ್ಪ ಕಮ್ಮಿ, ಮತ್ತೆ ಜಾಸ್ತಿ. ಉದ್ದನೆಯ ಕಲ್ಲು ತಿರುಗಿದರೆ ಹೀಗೇ ಆಗುತ್ತೆ. ಅಗಲದ ಮೈ ನಮ್ಮ ಕಡೆ ಬಂದಾಗ ಬೆಳಕು ಜಾಸ್ತಿ, ಮೂತಿ ಬಂದಾಗ ಕಮ್ಮಿ. ಒಂದು ಸುತ್ತಿಗೆ ಎರಡು ಏರು, ಎರಡು ಇಳಿತ. ಲೂಸಿ ಹೋಗುವ ಮುಂಚೆ ಖಗೋಳ ವಿಜ್ಞಾನಿಗಳು ಹೀಗೆ ಅಳೆದು, ದಿಂಕಿನೇಶ್ ತನ್ನ ಸುತ್ತ ಒಮ್ಮೆ ತಿರುಗೋಕೆ 52.67 ಗಂಟೆ ಬೇಕು ಅಂತ ಹೇಳಿದ್ದರು.

ನಾವು ಅದನ್ನೇ ನಂಬಿದೆವು. ನಂಬದೇ ಇರೋಕೆ ಕಾರಣವೂ ಇರಲಿಲ್ಲ. ಕುಂಬಾರರ ಓಣಿಯಿಂದ ಮಣ್ಣು ತಂದು ಆಲೂಗಡ್ಡೆಯಂಥ ಕಲ್ಲು ಮಾಡಿದೆವು. ನಡುವೆ ಸೈಕಲ್ ಕಡ್ಡಿ ಚುಚ್ಚಿದೆವು. ಒಂದು ಗಂಟೆಗೆ ಒಂದು ಸೆಕೆಂಡ್ ಅಂತ ಲೆಕ್ಕ ಹಿಡಿದು 52 ಸೆಕೆಂಡಿಗೆ ಒಂದು ಸುತ್ತು ತಿರುಗಿಸಬೇಕು. ತಿರುಗಿಸೋ ಹುಡುಗ ಎರಡೇ ನಿಮಿಷಕ್ಕೆ ಆಕಳಿಸಿದ. ಅಷ್ಟು ನಿಧಾನ. ಸಣ್ಣ ಕಲ್ಲುಗಳು ಸಾಮಾನ್ಯವಾಗಿ ಕೆಲವೇ ಗಂಟೆಗೆ ಒಂದು ಸುತ್ತು ಹಾಕುತ್ತವೆ, ಇದು ಸೋಮಾರಿ ಕಲ್ಲು ಅಂತ ಚಾರ್ಟಿನಲ್ಲಿ ಬರೆಸಿದೆ. 'ದಿಂಕಿನೇಶ್‌ನ ಒಂದು ದಿನ: 52.67 ಗಂಟೆ.' ಕೆಂಪು ಸ್ಕೆಚ್ ಪೆನ್ನು ನಾನೇ ಕೊಟ್ಟದ್ದು.

ರಾಜ್ಯೋತ್ಸವದ ರಾತ್ರಿ

ಲೂಸಿ ಹಾದುಹೋಗುವ ದಿನ ನವೆಂಬರ್ 1. ಕರ್ನಾಟಕ ಅಂತ ಹೆಸರಾಗಿ 50 ವರ್ಷ ತುಂಬಿದ ರಾಜ್ಯೋತ್ಸವ ಬೇರೆ. ಬೆಳಿಗ್ಗೆ ಬಾವುಟ, ಮೆರವಣಿಗೆ, ಬಿಸಿಲು. ಮಕ್ಕಳಿಗೆ ಸುಸ್ತಾಗಿತ್ತು. ನಮ್ಮ ಸಮಯ ರಾತ್ರಿ 10 ಗಂಟೆ 24 ನಿಮಿಷಕ್ಕೆ ಲೂಸಿ ಕಲ್ಲಿನ ತೀರಾ ಹತ್ತಿರ ಬರುತ್ತೆ ಅಂತ ಹೇಳಿದ್ದೆ. "ಲೈವ್ ಬರುತ್ತಾ ಸಾರ್?" ಇಲ್ಲ. ಫೋಟೋ ತೆಗೆದು ತನ್ನಲ್ಲೇ ಇಟ್ಟುಕೊಂಡು ಆಮೇಲೆ ನಿಧಾನಕ್ಕೆ ಕಳಿಸುತ್ತೆ. ಸೆಕೆಂಡಿಗೆ ನಾಲ್ಕೂವರೆ ಕಿ.ಮೀ. ವೇಗ, 430 ಕಿ.ಮೀ. ದೂರ. ಹತ್ತೂ ಇಪ್ಪತ್ತನಾಲ್ಕಕ್ಕೆ ವಾಟ್ಸ್ಯಾಪ್ ಗುಂಪಿಗೆ 'ಈಗ ಹೋಯ್ತು' ಅಂತ ಹಾಕಿದೆ. ಐದು ಜನ ಮಲಗಿದ್ದರು. ಒಬ್ಬಳು ಮಾತ್ರ 'ಯಾವುದು ಸಾರ್?' ಅಂತ ಕೇಳಿದಳು.

ಮೊದಲ ಫೋಟೋಗಳು ಮಾರನೇ ದಿನ ಬಂದವು. ಆಲೂಗಡ್ಡೆ ಇರಲಿಲ್ಲ. ಬುಗುರಿಯ ಹಾಗೆ ಹೆಚ್ಚು ಕಮ್ಮಿ ದುಂಡಗಿದ್ದ ಕಲ್ಲು, ನಡುವಿನಲ್ಲಿ ಸುತ್ತಲೂ ಒಂದು ದಿಣ್ಣೆ. ಅದರ ಹಿಂದಿನಿಂದ ಇಣುಕುತ್ತಾ ಇನ್ನೊಂದು ಸಣ್ಣ ಕಲ್ಲು. ದಿನೇಶಣ್ಣನಿಗೆ ಚಂದ್ರ ಇತ್ತು!

ಕ್ಷುದ್ರಗ್ರಹಕ್ಕೆ ಚಂದ್ರ ಇರೋದು ಹೊಸ ವಿಷಯವೇನಲ್ಲ. 1993ರಲ್ಲಿ ಗೆಲಿಲಿಯೋ ನೌಕೆ ಈಡಾ ಅನ್ನೋ ಕಲ್ಲಿನ ಪಕ್ಕ ಹೋದಾಗಲೇ ಡ್ಯಾಕ್ಟಿಲ್ ಅನ್ನೋ ಪುಟಾಣಿ ಚಂದ್ರ ಫೋಟೋದಲ್ಲಿ ಸಿಕ್ಕಿತ್ತು. ಆದರೆ ಇಲ್ಲಿ ಕಥೆ ಅಲ್ಲಿಗೆ ನಿಲ್ಲಲಿಲ್ಲ. ನವೆಂಬರ್ 7ಕ್ಕೆ ಬೇರೆ ಕೋನದ ಫೋಟೋ ಹೊರಬಂತು. ಹಾದುಹೋದ ಕೆಲವು ನಿಮಿಷಗಳ ಮೇಲೆ ತೆಗೆದದ್ದು. ಒಂದೇ ಅಂದುಕೊಂಡಿದ್ದ ಚಂದ್ರ, ಒಂದಕ್ಕೊಂದು ಅಂಟಿಕೊಂಡ ಎರಡು ಕಲ್ಲುಗಳಾಗಿತ್ತು. ಮೊದಲ ಫೋಟೋದಲ್ಲಿ ಒಂದರ ಹಿಂದೆ ಒಂದು ನಿಂತಿದ್ದಕ್ಕೆ ಒಂದೇ ಥರ ಕಂಡಿದ್ದು. ಹೀಗೆ ಜೋಡಿಯಾಗಿ ಅಂಟಿದ ಚಂದ್ರ ಕ್ಷುದ್ರಗ್ರಹವನ್ನು ಸುತ್ತೋದನ್ನ ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ. ಅದಕ್ಕೆ ಸೆಲಾಮ್ ಅಂತ ಹೆಸರಿಟ್ಟರು. ಲೂಸಿಯ ಜಾತಿಗೇ ಸೇರಿದ ಒಂದು ಮಗುವಿನ ಪಳೆಯುಳಿಕೆಯ ಹೆಸರು ಅದು, ಶಾಂತಿ ಅಂತ ಅರ್ಥ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನವೆಂಬರ್ 2ರ ನಾಸಾ ಪ್ರಕಟಣೆಯಲ್ಲೇ ಒಂದು ಸುಳಿವಿತ್ತು. ಲೂಸಿ ಹತ್ತಿರವಾಗುತ್ತಿದ್ದ ವಾರಗಳಲ್ಲಿ ಕಲ್ಲಿನ ಬೆಳಕು ಬದಲಾಗುತ್ತಿದ್ದ ರೀತಿ ನೋಡಿ ಇದು ಜೋಡಿ ಇರಬಹುದಾ ಅಂತ ತಂಡದವರಿಗೆ ಅನುಮಾನ ಬಂದಿತ್ತಂತೆ. ಆ ಸಾಲನ್ನು ನಾನು ಓದಿದೆ. ಓದಿ ಕೆಳಗೆ ಸರಿಸಿದೆ. ಬೆಳಕು ಬದಲಾಗೋದಕ್ಕೂ ಚಂದ್ರನಿಗೂ ಸಂಬಂಧ ಇದ್ದರೆ ನಮ್ಮ ಚಾರ್ಟಿನ ಸಂಖ್ಯೆಯ ಗತಿ ಏನು ಅಂತ ಆಗಲೇ ಹೊಳೀಬೇಕಿತ್ತು ಅಲ್ವಾ? ಹೊಳೀಲಿಲ್ಲ. ಮಾದರಿ ಬದಲಾಯಿಸೋ ಗಡಿಬಿಡಿಯಲ್ಲಿದ್ದೆ.

ಚೆಂಡು, ಸ್ಕೇಲು, ಅಡಿಕೆ

ಹೊಸ ಮಾದರಿ ಮಾತ್ರ ಚೆನ್ನಾಗಿ ಬಂತು. 100 ಮೀಟರ್‌ಗೆ 1 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ದಿಂಕಿನೇಶ್ ಸರಿಯಾಗಿ ಒಂದು ಕ್ರಿಕೆಟ್ ಬಾಲ್. ಕಲ್ಲಿನ ಅಡ್ಡಳತೆ ಸುಮಾರು 720 ಮೀಟರ್, ಬಾಲ್ ಸುಮಾರು 7.2 ಸೆಂ.ಮೀ. ಬಾಲಿನ ನಡುವೆ ಹೊಲಿಗೆ ಇರುತ್ತಲ್ಲ, ಅದು ಕಲ್ಲಿನ ನಡುವಿನ ದಿಣ್ಣೆಯ ಜಾಗದಲ್ಲೇ ಬರುತ್ತೆ. ಸೆಲಾಮ್‌ನ ಎರಡು ತುಂಡುಗಳು 210 ಮತ್ತು 230 ಮೀಟರ್ ಆಸುಪಾಸು. ಅದಕ್ಕೆ ಚನ್ನಗಿರಿ ಕಡೆಯ ಹುಡುಗ ಮನೆಯಿಂದ ಒಂದು ಹಿಡಿ ಗೋಟಡಿಕೆ ತಂದ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಒಂದೊಂದೇ ಅಳೆದರು. ಅರ್ಧ ಗಂಟೆ ಹುಡುಕಿದ ಮೇಲೆ 2.1 ಸೆಂ.ಮೀ. ಒಂದು, 2.3 ಸೆಂ.ಮೀ. ಒಂದು ಸಿಕ್ಕವು. ಫೆವಿಕ್ವಿಕ್ ಹಾಕಿ ಅಂಟಿಸಿದರು, ಒಬ್ಬನ ಬೆರಳೂ ಅಂಟಿತು. ಉಳಿದ ಅಡಿಕೆ ಏನಾಯಿತೋ ಗೊತ್ತಿಲ್ಲ, ನಮ್ಮ ಜವಾನರ ಬಾಯಿ ಮಾತ್ರ ಆ ವಾರವೆಲ್ಲ ಕೆಂಪಗಿತ್ತು. ಇನ್ನು ಕಲ್ಲಿಗೂ ಚಂದ್ರನಿಗೂ ನಡುವಿನ ದೂರ 3.1 ಕಿ.ಮೀ., ಅಂದ್ರೆ 31 ಸೆಂ.ಮೀ. ಒಂದು ಅಡಿಯ ಸ್ಕೇಲು.

ಲೂಸಿ ಹಾದುಹೋದ ದೂರ ಈ ಲೆಕ್ಕದಲ್ಲಿ 43 ಮೀಟರ್. ಪಿಚ್ ಎರಡು ಸಲ ಅಳೆದು ಮೂರು ಹೆಜ್ಜೆ ಮುಂದೆ. ಅಲ್ಲಿ ಒಬ್ಬಳು ಸೆಕೆಂಡಿಗೆ 45 ಸೆಂ.ಮೀ. ಲೆಕ್ಕದಲ್ಲಿ ನಿಧಾನಕ್ಕೆ ನಡೆಯುತ್ತಾ, ಕುತ್ತಿಗೆ ಮಾತ್ರ ಬಾಲಿನ ಕಡೆಗೇ ಇಟ್ಟುಕೊಳ್ಳಬೇಕು. ಲೂಸಿ ಪರೀಕ್ಷೆ ಮಾಡಿದ್ದು ಇದನ್ನೇ. ಇದೇ ಅಳತೆಯಲ್ಲಿ ಭೂಮಿ ಎಷ್ಟು ದೊಡ್ಡದು ಅಂತ ಯಾರೋ ಕೇಳಿದರು. ಒಂದೂಕಾಲು ಕಿಲೋಮೀಟರ್ ಅಗಲದ ಗೋಳ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ನೋಡಿದವರಿಗೆ ನಿಜವಾದ ಕಲ್ಲಿನ ಗಾತ್ರದ ಅಂದಾಜು ಕೊಡೋದು ಸುಲಭ. ಕಟ್ಟೆಯ ಉದ್ದ ಸುಮಾರು 400 ಮೀಟರ್. ಅಂಥ ಎರಡು ಕಟ್ಟೆಗೆ ಸ್ವಲ್ಪ ಕಮ್ಮಿ.

ಡಿಸೆಂಬರ್‌ನಲ್ಲಿ ಪ್ರದರ್ಶನ. ಹಿಂದಿನ ದಿನ ಎಲ್ಲ ಜೋಡಿಸುವಾಗ, ರಾತ್ರಿ 'ಯಾವುದು ಸಾರ್' ಅಂತ ಕೇಳಿದ್ದ ಅದೇ ಹುಡುಗಿ ಬಂದು ಚಾರ್ಟ್ ಮುಂದೆ ನಿಂತಳು.

"ಸಾರ್, ಆಲೂಗಡ್ಡೆ ತಿರುಗಿದ್ರೆ ಬೆಳಕು ಏರಿಳಿಯುತ್ತೆ. ಬಾಲ್ ದುಂಡಗಿದೆಯಲ್ಲ. ಬಾಲ್ ತಿರುಗಿದ್ರೆ ಬೆಳಕು ಯಾಕೆ ಬದಲಾಗ್ಬೇಕು? ಹಂಗಾದ್ರೆ 52 ಗಂಟೆ ಅಂತ ಹೆಂಗೆ ಗೊತ್ತಾಯ್ತು?"

ಇಡೀ ಪ್ರಕರಣ ಇರೋದು ಈ ಪ್ರಶ್ನೆಯಲ್ಲಿ. ನಾನು ಕೊಟ್ಟ ಉತ್ತರ: "ದೊಡ್ಡ ದೊಡ್ಡ ವಿಜ್ಞಾನಿಗಳು ಅಳೆದಿದ್ದಾರಮ್ಮ. ಸುಮ್ನೆ ಬರೆದಿದ್ದು ಬರೆದಂಗೆ ಇರಲಿ. ಬಸ್ ಎಂಟು ಗಂಟೆಗೆ."

ಪ್ರದರ್ಶನದಲ್ಲಿ ತೀರ್ಪುಗಾರರು ಬಾಲ್ ನೋಡಿದರು, ಅಡಿಕೆ ನೋಡಿ ನಕ್ಕರು, "ಇದರಿಂದ ಸಮಾಜಕ್ಕೆ ಏನು ಉಪಯೋಗ?" ಅಂತ ಕೇಳಿ ಹೋದರು. ಬಹುಮಾನ ಬರಲಿಲ್ಲ. 52.67 ಬಗ್ಗೆ ಯಾರೂ ಕೇಳಲಿಲ್ಲ.

ಜೂನ್ 2024

ಮೇ ಕೊನೆಯಲ್ಲಿ ಲೂಸಿ ತಂಡದವರ ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಬಂತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ ಓದಿದೆ. ದಿಂಕಿನೇಶ್ ತನ್ನ ಸುತ್ತ ತಿರುಗೋಕೆ ತೆಗೆದುಕೊಳ್ಳೋದು 3.74 ಗಂಟೆ. ಸೆಲಾಮ್ ದಿಂಕಿನೇಶ್ ಸುತ್ತ ಒಂದು ಸುತ್ತು ಹಾಕೋಕೆ 52.67 ಗಂಟೆ.

ಎರಡು ಸಲ ಓದಿದೆ. ಸಂಖ್ಯೆ ಅದೇ. ಮಾಲೀಕ ಬೇರೆ.

ಹತ್ತನೇ ಕ್ಲಾಸಿಗೆ ಹೋಗಿದ್ದ ಆ ಆರೂ ಜನರನ್ನು ಲ್ಯಾಬಿಗೆ ಕರೆದೆ. ನಡೆದದ್ದು ಹೇಳಿದೆ. ಹುಡುಗಿ ಏನೂ ಅನ್ನಲಿಲ್ಲ, ನಾನು ಹೇಳಿದ್ದೆನಲ್ಲ ಅನ್ನೋ ಮುಖವಂತೂ ಇತ್ತು. ಮಾಡಿ ನೋಡೋಣ ಅಂತ ಬಾಲಿಗೂ ಅಡಿಕೆಗೂ ಸುಣ್ಣ ಬಳಿದೆವು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆವು. ಒಂದು ಟಾರ್ಚ್, ಅದರ ಪಕ್ಕದಲ್ಲೇ ಬೆಳಕು ಅಳೆಯುವ ಆಪ್ ಹಾಕಿದ ಫೋನ್.

ಬಾಲ್ ಒಂದನ್ನೇ ತಿರುಗಿಸಿದರೆ ಅಂಕಿ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ಸ್ಕೇಲಿನ ತುದಿಗೆ ಅಡಿಕೆ ಜೋಡಿ ಕಟ್ಟಿ ಬಾಲಿನ ಸುತ್ತ ನಿಧಾನಕ್ಕೆ ಒಯ್ದೆವು. ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಚಂದ್ರ ಹೇಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೋ ಸೆಲಾಮ್ ಕೂಡ ಹಾಗೇ. ಅದರ ಎರಡು ತುಂಡುಗಳು ದಿಂಕಿನೇಶ್ ಕಡೆಗೆ ಸಾಲಾಗಿ, ಒಂದರ ಹಿಂದೆ ಒಂದು ನಿಂತಿರುತ್ತವೆ. ಹಾಗಾಗಿ ಅಡಿಕೆ ಬಾಲಿನ ಎಡಕ್ಕೋ ಬಲಕ್ಕೋ ಇದ್ದಾಗ ಫೋನಿಗೆ ಎರಡೂ ಅಡಿಕೆ ಪೂರ್ತಿ ಕಾಣುತ್ತವೆ. ಬೆಳಕು ಜಾಸ್ತಿ. ಬಾಲಿನ ಮುಂದೆ ಬಂದರೆ ಒಂದು ಅಡಿಕೆ ಇನ್ನೊಂದನ್ನು ಮುಚ್ಚುತ್ತೆ, ಬಾಲನ್ನೂ ಸ್ವಲ್ಪ ಮುಚ್ಚುತ್ತೆ. ಬೆಳಕು ಕಮ್ಮಿ. ಹಿಂದೆ ಹೋದರೆ ಎರಡೂ ಮಾಯ. ಮತ್ತೆ ಕಮ್ಮಿ. ಒಂದು ಸುತ್ತಿಗೆ ಎರಡು ಏರು, ಎರಡು ಇಳಿತ. ದೂರದಿಂದ ನೋಡುವವನಿಗೆ ಒಂದು ಆಲೂಗಡ್ಡೆ ಸೋಮಾರಿಯಾಗಿ ತಿರುಗಿದಂತೆಯೇ ಕಾಣುತ್ತೆ. ಅಳೆದವರು ಏನೂ ತಪ್ಪು ಅಳೆದಿರಲಿಲ್ಲ. ಚುಕ್ಕಿಯೊಳಗೆ ಮೂರು ಕಲ್ಲುಗಳಿದ್ದವು, ಅಷ್ಟೇ.

ಆಪ್‌ನ ಅಂಕಿಗಳನ್ನು ನಾನು ಇಲ್ಲಿ ಬರೆಯೋದಿಲ್ಲ. ಫೋನನ್ನು ಹಿಡಿದವನ ಕೈ ನಡುಗಿದರೂ ಅವು ಬದಲಾಗುತ್ತಿದ್ದವು. ಆದರೆ ಇಳಿತ ಎರಡು ಸಲ, ಸರಿಯಾದ ಜಾಗದಲ್ಲೇ ಬಂತು.

ಇನ್ನು ವೇಗ. ಗಂಟೆಗೆ ಒಂದು ಸೆಕೆಂಡಿನ ಲೆಕ್ಕದಲ್ಲಿ ಬಾಲ್ ಈಗ 3.74 ಸೆಕೆಂಡಿಗೆ ಒಂದು ಸುತ್ತು. ಅಡಿಕೆ ಒಂದು ಸುತ್ತು ಮುಗಿಸೋದರೊಳಗೆ ಬಾಲ್ ಹದಿನಾಲ್ಕು ಸುತ್ತು ಹಾಕುತ್ತೆ. ಆಕಳಿಸಿದ್ದ ಹುಡುಗನಿಗೆ ಈಗ ಬೆವರು. ಸೋಮಾರಿ ಕಲ್ಲು ಅಂದದ್ದನ್ನು ವಾಪಸ್ ತೆಗೆದುಕೊಂಡೆವು.

ಸಂಖ್ಯೆ ಅದರ ಮಾಲೀಕನ ಹತ್ತಿರ ಹೋದ ಮೇಲೆ ದುಡಿಯೋಕೆ ಶುರು ಮಾಡಿತು. ದಿಂಕಿನೇಶ್‌ನ 'ದಿನ' ಅಂತ ಬರೆದಿದ್ದಾಗ ಅದರಿಂದ ಏನೂ ಹುಟ್ಟಿರಲಿಲ್ಲ. ಚಂದ್ರ ಸುತ್ತುವ ಕಾಲ ಅಂತಾದ ಕೂಡಲೇ ಅದು ತಕ್ಕಡಿಯಾಯಿತು. 3.11 ಕಿ.ಮೀ. ದೂರ, 52.67 ಗಂಟೆ. ಇವೆರಡನ್ನು ಗುರುತ್ವದ ಸೂತ್ರಕ್ಕೆ ಹಾಕಿದರೆ ತೂಕ ಬರುತ್ತೆ. ಮಕ್ಕಳು ಕ್ಯಾಲ್ಕುಲೇಟರ್ ಹಿಡಿದು ಮೂರು ಸಲ ಸೊನ್ನೆ ತಪ್ಪು ಮಾಡಿ ನಾಲ್ಕನೇ ಸಲಕ್ಕೆ ತೆಗೆದರು. ಸುಮಾರು 50 ಕೋಟಿ ಟನ್. ಅದನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ನೀರಿನ 2.4 ಪಟ್ಟು. ಪ್ರಬಂಧದಲ್ಲೂ ಅಷ್ಟೇ ಇತ್ತು. ಬೋರ್ಡ್ ಮೇಲೆ ಎರಡೂ ಉತ್ತರ ಪಕ್ಕಪಕ್ಕ ಬರೆದಾಗ ನನಗೇ ಮೈ ಜುಂ ಅಂದಿತು.

2.4 ಅನ್ನೋದು ಚಿತ್ರದುರ್ಗದ ಬೆಟ್ಟದ ಬಂಡೆಗಿಂತ ಹಗುರ. ಗ್ರಾನೈಟ್ 2.6, 2.7 ಇರುತ್ತೆ. ದಿಂಕಿನೇಶ್ ಜಾತಿಯ ಕಲ್ಲು, ಅಂದ್ರೆ ಸಿಲಿಕೇಟ್ ಖನಿಜ ಮತ್ತು ಸ್ವಲ್ಪ ಕಬ್ಬಿಣ-ನಿಕ್ಕಲ್ ಸೇರಿದ್ದು, ಉಲ್ಕೆಯಾಗಿ ಭೂಮಿಗೆ ಬಿದ್ದಾಗ ತೂಗಿದರೆ 3ಕ್ಕಿಂತ ಜಾಸ್ತಿ ಬರುತ್ತೆ. ಜಪಾನಿನ ಹಯಬುಸಾ ನೌಕೆ 2010ರಲ್ಲಿ ಇದೇ ಜಾತಿಯ ಇಟೊಕಾವಾ ಅನ್ನೋ ಕ್ಷುದ್ರಗ್ರಹದ ಧೂಳು ತಂದಾಗ ಈ ನೆಂಟಸ್ತಿಕೆ ಖಾತ್ರಿಯಾಗಿತ್ತು. ಹಾಗಾದರೆ ದಿಂಕಿನೇಶ್ ಒಳಗೆ ಸುಮಾರು ಕಾಲು ಭಾಗ ಖಾಲಿ. ಟಿಪ್ಪರ್‌ನಲ್ಲಿ ತಂದು ಸುರಿದ ಜಲ್ಲಿ ರಾಶಿ ಥರ, ಕಲ್ಲುಗಳ ನಡುವೆ ಸಂದು.

ಅಂಥ ರಾಶಿ ಜೋರಾಗಿ ತಿರುಗಿದರೆ ಏನಾಗುತ್ತೆ? ಬಿಸಿಲು ಕಲ್ಲಿನ ಮೈಗೆ ಬಿದ್ದು ಶಾಖವಾಗಿ ವಾಪಸ್ ಹೋಗುವಾಗ ಅತೀ ಸಣ್ಣ ತಳ್ಳು ಕೊಡುತ್ತೆ. ಕಲ್ಲಿನ ಆಕಾರ ಅಂಕುಡೊಂಕಾಗಿರೋದರಿಂದ ಆ ತಳ್ಳು ಲಕ್ಷಾಂತರ ವರ್ಷಗಳಲ್ಲಿ ಅದನ್ನು ಬುಗುರಿ ಹಾಗೆ ತಿರುಗಿಸಿಬಿಡುತ್ತೆ. ಇದಕ್ಕೆ ಯಾರ್ಪ್ ಪರಿಣಾಮ ಅಂತಾರೆ. ವೇಗ ಹೆಚ್ಚಾದಾಗ ಕಲ್ಲು ಒಂದು ಕಡೆ ಕುಸಿದಿದೆ. ದಿಂಕಿನೇಶ್ ಮೈಮೇಲೆ ಉದ್ದಕ್ಕೆ ಒಂದು ದೊಡ್ಡ ತಗ್ಗು ಇರೋದು ಅದಕ್ಕೆ. ಕಳಚಿದ ಚೂರುಗಳಲ್ಲಿ ಕೆಲವು ವಾಪಸ್ ಬಂದು ನಡುವಿನ ದಿಣ್ಣೆಯಾಗಿವೆ, ಕೆಲವು ಒಟ್ಟಿಗೆ ಸೇರಿ ಸೆಲಾಮ್ ಆಗಿವೆ ಅಂತ ವಿಜ್ಞಾನಿಗಳ ವಿವರಣೆ. ದಿಣ್ಣೆ ತಗ್ಗಿನ ಮೇಲೆ ಹಾದುಹೋಗುತ್ತೆ, ಅಂದ್ರೆ ಆಮೇಲೆ ಬಂದದ್ದು. 52 ಗಂಟೆಗೆ ಒಂದು ಸುತ್ತು ಹಾಕುವ ಸೋಮಾರಿ ಕಲ್ಲು ತನ್ನ ಮೈಯಿಂದ ಏನನ್ನೂ ಎಸೆಯೋಕೆ ಆಗಲ್ಲ. ಇದೂ ಆಗ ನನಗೆ ಹೊಳೀಬೇಕಿತ್ತು, ಬಿಡಿ.

ಮಕ್ಕಳಿಗೆ ಜಾಸ್ತಿ ಇಷ್ಟವಾದದ್ದು ತೂಕದ ಆಟ. ಇಲ್ಲಿ 45 ಕಿಲೋ ತೂಗುವ ಹುಡುಗ ದಿಂಕಿನೇಶ್‌ನ ಧ್ರುವದಲ್ಲಿ ನಿಂತರೆ ತಕ್ಕಡಿ 1.1 ಗ್ರಾಂ ತೋರಿಸುತ್ತೆ. ಕೈಯಿಂದ ಪೆನ್ನು ಬಿಟ್ಟರೆ ಒಂದು ಮೀಟರ್ ಬೀಳೋಕೆ ಒಂದೂವರೆ ನಿಮಿಷ. ಸುಮ್ನೆ ಬೀದಿಯಲ್ಲಿ ನಡೆಯೋ ವೇಗದಲ್ಲಿ ಜಿಗಿದರೆ ಸಾಕು, ವಾಪಸ್ ಬರೋದೇ ಇಲ್ಲ. 1.1 ಗ್ರಾಂ ಅಂದ್ರೆ ಎಷ್ಟು? ಪಕ್ಕದ ಬೀದಿಯ ಚಿನ್ನದ ಅಂಗಡಿಯವರು ನಗುತ್ತಾ ತಕ್ಕಡಿ ಕೊಟ್ಟರು. ಚಳ್ಳಕೆರೆಯ ಶೇಂಗಾ ಬೀಜ ಎರಡು.

ಆದರೆ ನಡುವಿನ ದಿಣ್ಣೆಯ ಮೇಲೆ ನಿಂತರೆ ಲೆಕ್ಕ ಬೇರೆ. ಅಲ್ಲಿ ತಿರುಗುವ ವೇಗ ಹೊರಗೆ ತಳ್ಳುತ್ತೆ. ಹಳೇ ಚಾರ್ಟಿನ ಪ್ರಕಾರ 52 ಗಂಟೆಗೆ ಒಂದು ಸುತ್ತಾಗಿದ್ದರೆ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ, ಎರಡು ಬೀಜ ಎರಡಾಗಿಯೇ ಇರುತ್ತಿತ್ತು. 3.74 ಗಂಟೆಗೆ ಒಂದು ಸುತ್ತಾದರೆ ಮೂರನೇ ಒಂದು ಭಾಗದಷ್ಟು ತೂಕ ಹೋಗುತ್ತೆ. 0.75 ಗ್ರಾಂ. ತಕ್ಕಡಿಯಿಂದ ಒಂದು ಬೀಜ ತೆಗೆದು ಅರ್ಧ ಕಡಿದು ವಾಪಸ್ ಹಾಕಿದ ಹುಡುಗಿ, "ನಮ್ಮ ತಪ್ಪು ಅರ್ಧ ಶೇಂಗಾ ಸಾರ್" ಅಂದಳು. ಕಡಿದ ಅರ್ಧ ಅವಳ ಬಾಯಲ್ಲಿತ್ತು.

ಚಾರ್ಟ್ ಹೊಸದು ಬರೆಯೋಣ ಅಂದೆ. ಶೀಟ್ ಕೂಡ ತರಿಸಿದ್ದೆ. ಅವಳು ಬೇಡ ಅಂದಳು. ಹಳೇ ಶೀಟನ್ನೇ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಡಸ್ಟರ್, ಬಾಲ್ ಎಲ್ಲ ಇಟ್ಟು, 'ದಿಂಕಿನೇಶ್‌ನ ಒಂದು ದಿನ' ಅನ್ನೋದನ್ನು ಮಾತ್ರ ನೀಲಿ ಪೆನ್ನಲ್ಲಿ ಹೊಡೆದು ಹಾಕಿದಳು. ಅದರ ಕೆಳಗೆ 3.74 ಅಂತ ಬರೆದಳು. 52.67 ಅನ್ನು ಮುಟ್ಟಲಿಲ್ಲ. ಅದರ ಬಾಲದಿಂದ ಒಂದು ಉದ್ದನೆಯ ಬಾಣ ಎಳೆದು, ಬಾಲಿನ ಚಿತ್ರ ಬಳಸಿಕೊಂಡು ಹೋಗಿ, ಎರಡು ಅಡಿಕೆ ಇರುವ ಜಾಗಕ್ಕೆ ತಂದು ನಿಲ್ಲಿಸಿದಳು.